ತುಮಕೂರಿನ ಒಂದು ಗಾಣದ ಅಂಗಡಿ: ಕೊಲೆಸ್ಟ್ರಾಲ್ ಹೆಚ್ಚಿರುವವರು ಅಲ್ಲಿ ಏನು ಕೊಳ್ಳಬಹುದು, ಏನನ್ನು ಬಿಡಬೇಕು

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಬೀದಿಯೊಂದರಲ್ಲಿ ಇರುವ ಮರದ ಗಾಣದ ಅಂಗಡಿಗೆ ನಮ್ಮ ಮನೆಯವರು ಕಾಯಂ ಗಿರಾಕಿಗಳು. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳನ್ನು ಅಲ್ಲಿ ಕಣ್ಣೆದುರೇ ಆಡಿಸಿ ಕೊಡುತ್ತಾರೆ. ಒಳಗಿನ ಕಪಾಟುಗಳಲ್ಲಿ ಬೆಲ್ಲ, ತುಪ್ಪ, ಜೇನು, ಸಿರಿಧಾನ್ಯಗಳಿರುತ್ತವೆ. ಅದಕ್ಕೂ ಹಿಂದೆ, ಬೆಳಕು ಕಡಿಮೆ ಇರುವ ಮೂಲೆಯಲ್ಲಿ, ಬಾಯಿ ಬಿಚ್ಚಿದ ಚೀಲಗಳಲ್ಲಿ ಹುರುಳಿ, ಅಲಸಂದೆ, ಅವರೆ, ಹೆಸರು, ಕಡಲೆ ಕಾಳುಗಳು. ನಗರದಲ್ಲಿ ಇಂತಹ ಅಂಗಡಿಗಳು ಈಗ ಹಲವಿದ್ದು, ಒಂದರ ಬಗ್ಗೆ ಹೇಳಿದ ಮಾತು ಹೆಚ್ಚುಕಡಿಮೆ ಉಳಿದವುಗಳಿಗೂ ಅನ್ವಯಿಸುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಅಲ್ಲಿಗೆ ಬರುವವರಲ್ಲಿ ರುಚಿಯನ್ನು ಅರಸಿ ಬರುವವರಿಗಿಂತ, ರಕ್ತ ಪರೀಕ್ಷೆಯ ವರದಿಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಅಂಕಿ ಮೇಲೇರಿದ್ದನ್ನು ಕಂಡು ಗಾಬರಿಯಾಗಿ, ಯಾರೋ ಹೇಳಿದ ಮಾತಿನ ಮೇಲೆ ಅಡುಗೆ ಎಣ್ಣೆ ಬದಲಿಸಲು ಬರುವವರೇ ಹೆಚ್ಚಾಗಿ ಕಾಣುತ್ತಾರೆ. ನಮ್ಮ ಮನೆಯಲ್ಲಿಯೂ ವೈದ್ಯರು ಊಟದ ಕ್ರಮವನ್ನು ಬದಲಿಸಿಕೊಳ್ಳಬೇಕೆಂದು ಹೇಳಿದ ಮೇಲೆಯೇ ಈ ಅಂಗಡಿಯ ನಂಟು ಬೆಳೆದದ್ದು. ಆದ್ದರಿಂದ ಈ ವಿಮರ್ಶೆಯನ್ನು ಆ ಒಂದೇ ದೃಷ್ಟಿಯಿಂದ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಅಂಗಡಿಯ ಸರಕು ಶುದ್ಧವಾಗಿದೆ, ತೂಕ ನ್ಯಾಯವಾಗಿದೆ, ಕೆಲಸಗಾರರ ನಡವಳಿಕೆ ಗೌರವದಿಂದ ಕೂಡಿದೆ. ಆದರೆ ಎಣ್ಣೆಯ ಬಗ್ಗೆ ಅಲ್ಲಿ ಹೇಳುವ ಮಾತುಗಳಲ್ಲಿ ಅರ್ಧದಷ್ಟು ಸರಿಯಿಲ್ಲ. ಕೊಲೆಸ್ಟ್ರಾಲ್ ಇಳಿಸಲು ನಿಜಕ್ಕೂ ನೆರವಾಗುವ ಪದಾರ್ಥ ಆ ಹಿಂದಿನ ಮೂಲೆಯ ಚೀಲಗಳಲ್ಲಿದೆ, ಅದರ ಬಗ್ಗೆ ಅಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ.

ಮೊದಲು ಗಾಣದ ವಿಚಾರ. ಎತ್ತಿನ ಬದಲು ಮೋಟಾರು ತಿರುಗಿಸುತ್ತದೆ ಎನ್ನುವುದನ್ನು ಬಿಟ್ಟರೆ ಒರಳು, ಒನಕೆ ಎರಡೂ ಮರದವೇ. ಕಡಲೆಕಾಯಿ ಬೀಜವನ್ನು ಸುರಿದು, ನಡುನಡುವೆ ಸ್ವಲ್ಪ ನೀರು ಚಿಮುಕಿಸುತ್ತಾರೆ. ಎಳ್ಳಿಗಾದರೆ ಬೆಲ್ಲದ ಚೂರು ಹಾಕುತ್ತಾರೆ. ಒನಕೆ ನಿಧಾನವಾಗಿ ಸುತ್ತುತ್ತಿದ್ದಂತೆ ಬೀಜ ಹಿಟ್ಟಾಗಿ, ಹಿಟ್ಟು ಮುದ್ದೆಯಾಗಿ, ಮುದ್ದೆ ಒರಳಿನ ಗೋಡೆಗೆ ಅಂಟಿಕೊಂಡು, ನಡುವೆ ಎಣ್ಣೆ ಕೂಡಿಕೊಳ್ಳುತ್ತದೆ. ಹಾಗೆ ಬಂದ ಎಣ್ಣೆಯನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಮಡ್ಡಿ ಇಳಿಯಲು ಬಿಟ್ಟು, ತಿಳಿಯಾದ ಮೇಲೆ ಬಾಟಲಿಗೆ ತುಂಬುತ್ತಾರೆ. ಬಾಟಲಿಯ ಚೀಟಿಯಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳ ಸಂಖ್ಯೆ, ತಯಾರಿಸಿದ ದಿನಾಂಕ, ಬಳಕೆಯ ಅವಧಿ ಎಲ್ಲವೂ ಇವೆ.

ಈ ಅಂಗಡಿಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಬೀಜವನ್ನು ಆರಿಸುವ ಕೆಲಸ. ಗಾಣದ ಪಕ್ಕದಲ್ಲೇ ಇಬ್ಬರು ಹೆಂಗಸರು ಮೊರದಲ್ಲಿ ಬೀಜ ಹರಡಿಕೊಂಡು, ಸುಕ್ಕು ಹಿಡಿದದ್ದು, ಕಪ್ಪಾದದ್ದು, ಬೂಸ್ಟು ಬಂದದ್ದು, ಒಡೆದು ಬಣ್ಣ ಕೆಟ್ಟದ್ದು ಎಲ್ಲವನ್ನೂ ಬೇರೆ ಮಾಡುತ್ತಾ ಕೂತಿರುತ್ತಾರೆ. ಇದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ತೇವ ತಗುಲಿದ ಕಡಲೆಕಾಯಿಯಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ, ಅದು ಯಕೃತ್ತಿಗೆ ಹಾನಿಕರ. ಕಾರ್ಖಾನೆಯಲ್ಲಿ ರಿಫೈನ್ ಮಾಡುವಾಗ ಈ ವಿಷ ಬಹುಪಾಲು ಹೊರಟುಹೋಗುತ್ತದೆ. ಗಾಣದ ಎಣ್ಣೆಗೆ ಅಂತಹ ಶುದ್ಧೀಕರಣ ಇಲ್ಲದಿರುವುದರಿಂದ, ಬೀಜ ಕೆಟ್ಟಿದ್ದರೆ ಎಣ್ಣೆಯೂ ಕೆಟ್ಟದ್ದೇ. ಆದ್ದರಿಂದ ಯಾವ ಗಾಣಕ್ಕೇ ಹೋಗಲಿ, ಎಣ್ಣೆಯ ಬಣ್ಣವನ್ನು ನೋಡುವ ಮೊದಲು ಬೀಜದ ಚೀಲವನ್ನು ತೋರಿಸಿ ಎಂದು ಕೇಳಬೇಕು. ಇಲ್ಲಿ ಕೇಳದೆಯೇ ತೋರಿಸುತ್ತಾರೆ.

ಬೆಲೆ ಸೂಪರ್ ಮಾರ್ಕೆಟ್‌ನ ರಿಫೈಂಡ್ ಎಣ್ಣೆಯ ಪ್ಯಾಕೆಟ್ಟಿಗಿಂತ ಸುಮಾರು ಎರಡು ಪಟ್ಟು. ಇದು ಅನ್ಯಾಯದ ಬೆಲೆ ಅಲ್ಲ ಎನ್ನುವುದಕ್ಕೆ ಸರಳವಾದ ಲೆಕ್ಕವಿದೆ. ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ ಇದ್ದರೂ ಗಾಣದಲ್ಲಿ ಅಷ್ಟೂ ಹೊರಬರುವುದಿಲ್ಲ. ಒಂದು ಲೀಟರ್ ಎಣ್ಣೆಗೆ ಎರಡೂವರೆ ಕೆಜಿಯಷ್ಟು ಬೀಜ ಬೇಕಾಗುತ್ತದೆ. ಉಳಿದ ಹಿಂಡಿಯನ್ನು ದನ ಸಾಕುವವರು ಕೊಂಡು ಹೋಗುವುದರಿಂದ ಅಷ್ಟರ ಮಟ್ಟಿಗೆ ಖರ್ಚು ತಗ್ಗುತ್ತದೆ. ಈ ಲೆಕ್ಕ ಗೊತ್ತಿದ್ದವರಿಗೆ, ಎರಡು ಕೆಜಿ ಬೀಜದ ಬೆಲೆಗಿಂತಲೂ ಕಡಿಮೆಗೆ ಯಾರಾದರೂ ಗಾಣದ ಕಡಲೆಕಾಯಿ ಎಣ್ಣೆ ಕೊಡುತ್ತೇನೆಂದರೆ ಅದರಲ್ಲಿ ಬೇರೆ ಎಣ್ಣೆ ಬೆರೆತಿರುವ ಸಂಭವವೇ ಹೆಚ್ಚು ಎಂಬುದು ತಾನಾಗಿ ಅರ್ಥವಾಗುತ್ತದೆ.

ಇನ್ನು ತಕರಾರಿನ ಭಾಗಕ್ಕೆ ಬರುತ್ತೇನೆ. ಅಂಗಡಿಯ ಗೋಡೆಯ ಮೇಲೆ ದೊಡ್ಡದಾಗಿ, ಗಾಣದ ಎಣ್ಣೆ ಕೆಟ್ಟ ಕೊಲೆಸ್ಟ್ರಾಲನ್ನು ಕರಗಿಸುತ್ತದೆ ಎಂಬ ಅರ್ಥದ ಬೋರ್ಡು ಇದೆ. ಪ್ರತಿಯೊಂದು ಬಾಟಲಿಯ ಮೇಲೂ ಕೊಲೆಸ್ಟ್ರಾಲ್ ಇಲ್ಲ ಎಂದು ಅಚ್ಚಾಗಿದೆ. ಎರಡನೆಯ ಮಾತು ಸುಳ್ಳಲ್ಲ, ಆದರೆ ಅದರಿಂದ ಕೊಳ್ಳುವವರಿಗೆ ತಿಳಿಯುವುದು ಏನೂ ಇಲ್ಲ; ಕೊಲೆಸ್ಟ್ರಾಲ್ ಪ್ರಾಣಿಜನ್ಯ ಆಹಾರದಲ್ಲಿ ಇರುವ ವಸ್ತುವಾದ್ದರಿಂದ ಯಾವ ಬೀಜದ ಎಣ್ಣೆಯಲ್ಲಿಯೂ ಲೆಕ್ಕಕ್ಕೆ ಬರುವಷ್ಟು ಅದು ಇರುವುದಿಲ್ಲ, ಅಗ್ಗದ ತಾಳೆ ಎಣ್ಣೆಯಲ್ಲಿಯೂ ಇಲ್ಲ. ರಕ್ತದಲ್ಲಿನ ಕೊಲೆಸ್ಟ್ರಾಲಿನ ಬಹುಭಾಗವನ್ನು ನಮ್ಮ ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಯಕೃತ್ತಿನ ಜೀವಕೋಶಗಳ ಮೇಲೆ ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಕ್ಕೆ ಸೆಳೆದುಕೊಳ್ಳುವ ಗ್ರಾಹಕಗಳಿರುತ್ತವೆ. ನಾವು ತಿನ್ನುವ ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತುಪ್ಪಗಳಲ್ಲಿ ಹೆಚ್ಚಿರುವ, ತಣ್ಣಗಾದಾಗ ಗಟ್ಟಿಯಾಗುವ ಬಗೆಯ ಕೊಬ್ಬು) ಹೆಚ್ಚಾದಂತೆ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಹಾಗಾಗಿ ಎಣ್ಣೆಯ ಬಾಟಲಿಯನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ? ಅದನ್ನು ನಿರ್ಧರಿಸುವುದು ಬೀಜ. ಮರದ ಗಾಣದಲ್ಲಿ ಆಡಿಸಿದರೂ ಕಬ್ಬಿಣದ ಯಂತ್ರದಲ್ಲಿ ಹಿಂಡಿದರೂ ಆ ಪ್ರಮಾಣ ಬದಲಾಗುವುದಿಲ್ಲ.

ಗಾಣದ ಎಣ್ಣೆಯ ಪರವಾಗಿ ಹೇಳಬಹುದಾದ ಒಂದು ಗಟ್ಟಿ ವಾದವನ್ನು ಇಲ್ಲಿ ಮರೆಮಾಚಬಾರದು. ಬೀಜಗಳಲ್ಲಿ ಸ್ಟೆರಾಲ್ ಎಂಬ ಸಸ್ಯಜನ್ಯ ವಸ್ತುಗಳಿರುತ್ತವೆ, ಅವು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುತ್ತವೆ, ರಿಫೈನ್ ಮಾಡುವಾಗ ಅವುಗಳ ಒಂದು ಭಾಗ ನಷ್ಟವಾಗುತ್ತದೆ. ಇದೆಲ್ಲವೂ ನಿಜ. ಆದರೆ ಎಲ್‌ಡಿಎಲ್ ಮೇಲೆ ಸ್ಪಷ್ಟ ಪರಿಣಾಮ ಕಾಣಬೇಕಾದರೆ ದಿನಕ್ಕೆ ಸುಮಾರು 2 ಗ್ರಾಂ ಸ್ಟೆರಾಲ್ ಬೇಕು; ಒಂದು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಇರುವುದು ಮಿಲಿಗ್ರಾಂಗಳ ಲೆಕ್ಕದಲ್ಲಿ. ಆ ಕೊರತೆಯನ್ನು ತುಂಬಲು ಎಣ್ಣೆಯನ್ನೇ ಹೆಚ್ಚು ಸುರಿದುಕೊಂಡರೆ ತೂಕ ಏರುತ್ತದೆ. ಗಾಣದ ಎಣ್ಣೆಯನ್ನು ಅದರ ಪರಿಮಳಕ್ಕಾಗಿ, ಕಣ್ಣೆದುರಿನ ಶುದ್ಧತೆಗಾಗಿ, ನಮ್ಮ ಜಿಲ್ಲೆಯ ಪಾವಗಡ, ಸಿರಾ, ಮಧುಗಿರಿಗಳ ರೈತರ ಕಡಲೆಕಾಯಿಗೆ ಮಾರುಕಟ್ಟೆ ಸಿಗಲಿ ಎಂಬ ಕಾರಣಕ್ಕಾಗಿ ಕೊಳ್ಳುವುದು ಒಳ್ಳೆಯದೇ. ಅದನ್ನು ಔಷಧಿ ಎಂದು ಕೊಳ್ಳಬಾರದು.

ಹಾಗಾದರೆ ಅಲ್ಲಿನ ನಾಲ್ಕು ಎಣ್ಣೆಗಳಲ್ಲಿ ಯಾವುದು? ನಿತ್ಯದ ಅಡುಗೆಗೆ ಕಡಲೆಕಾಯಿ ಎಣ್ಣೆ ನನ್ನ ಮೊದಲ ಆಯ್ಕೆ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಐದನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ, ಉಳಿದದ್ದು ಹೆಚ್ಚಾಗಿ ಒಲಿಯಿಕ್ ಮತ್ತು ಲಿನೋಲಿಯಿಕ್ ಎಂಬ, ಸ್ಯಾಚುರೇಟೆಡ್ ಅಲ್ಲದ ಕೊಬ್ಬಿನ ಆಮ್ಲಗಳು. ಎಳ್ಳೆಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಇನ್ನೂ ತುಸು ಕಡಿಮೆ, ಆದರೆ ಅದರ ಘಾಟು ಎಲ್ಲ ಅಡುಗೆಗೂ ಹೊಂದುವುದಿಲ್ಲ. ಉಪ್ಪಿನಕಾಯಿ, ಚಟ್ನಿಪುಡಿ, ಗೊಜ್ಜುಗಳಿಗೆ ಅದಕ್ಕೆ ಸಾಟಿಯಿಲ್ಲ. ಹುಚ್ಚೆಳ್ಳೆಣ್ಣೆಯನ್ನು ನಮ್ಮ ಹಿಂದಿನವರು ಧಾರಾಳವಾಗಿ ಬಳಸುತ್ತಿದ್ದರು, ಈಗ ಕೇಳುವವರೇ ಕಡಿಮೆ. ಅದರ ಕೊಬ್ಬಿನ ದೊಡ್ಡ ಭಾಗ ಲಿನೋಲಿಯಿಕ್ ಆಮ್ಲವಾಗಿರುವುದರಿಂದ ಎಲ್‌ಡಿಎಲ್ ದೃಷ್ಟಿಯಿಂದ ಅದು ಉತ್ತಮವಾದ ಎಣ್ಣೆ. ಆದರೆ ಅದೇ ಕಾರಣಕ್ಕೆ ಬೇಗ ಕಮಟು ಹಿಡಿಯುತ್ತದೆ. ಈ ಅಂಗಡಿಯಲ್ಲಿ ಅದನ್ನು ಸಣ್ಣ ಬಾಟಲಿಗಳಲ್ಲಿ ಮಾತ್ರ ತುಂಬಿಡುವುದು ಅವರ ತಿಳಿವಳಿಕೆಗೆ ಸಾಕ್ಷಿ. ಅಮೆರಿಕದ ಹೃದಯ ಸಂಘವು 2017ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಸ್ಯಾಚುರೇಟೆಡ್ ಕೊಬ್ಬಿನ ಬದಲಿಗೆ ಲಿನೋಲಿಯಿಕ್‌ನಂತಹ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬಿರುವ ಎಣ್ಣೆಗಳನ್ನು ಬಳಸಿದಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಗಳು ಶೇ. 30ರಷ್ಟು ತಗ್ಗಿದವು ಎಂದು ಹೇಳಿತು. ಆ ವಾಕ್ಯದಲ್ಲಿ ಮುಖ್ಯವಾದದ್ದು ಬದಲಿಗೆ ಎಂಬ ಮಾತು. ಮನೆಯಲ್ಲಿ ಬೆಣ್ಣೆ, ತುಪ್ಪ, ವನಸ್ಪತಿ, ತಾಳೆ ಎಣ್ಣೆ ಎಲ್ಲವೂ ಇದ್ದಂತೆಯೇ ಇದ್ದು ಅದರ ಮೇಲೆ ಎರಡು ಚಮಚ ಗಾಣದ ಎಣ್ಣೆ ಸೇರಿದರೆ ಯಾವ ಲಾಭವೂ ಇಲ್ಲ.

ಕೊಬ್ಬರಿ ಎಣ್ಣೆಯ ವಿಷಯವನ್ನು ತುಮಕೂರಿನಲ್ಲಿ ಕುಳಿತು ಬರೆಯುವುದು ಸುಲಭವಲ್ಲ. ತಿಪಟೂರಿನ ಕೊಬ್ಬರಿ ದೇಶಕ್ಕೆಲ್ಲ ಹೆಸರಾದದ್ದು, ಜಿಲ್ಲೆಯ ಎಷ್ಟೋ ಮನೆಗಳ ಬದುಕು ತೆಂಗಿನ ತೋಟದ ಮೇಲೆ ನಿಂತಿದೆ. ಆದರೂ ಸತ್ಯವನ್ನು ಹೇಳಲೇಬೇಕು: ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಆಸುಪಾಸು ಸ್ಯಾಚುರೇಟೆಡ್ ಕೊಬ್ಬೇ ಇದೆ, ಅಂದರೆ ಪ್ರಮಾಣದಲ್ಲಿ ಬೆಣ್ಣೆಗಿಂತಲೂ ಹೆಚ್ಚು. ಅಂಗಡಿಯಲ್ಲಿ ಅದನ್ನು ಹೃದಯಕ್ಕೆ ಒಳ್ಳೆಯದೆಂದು ಹೇಳಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಮಚ ಕುಡಿಯಲು ಸಲಹೆ ಕೊಡುತ್ತಾರೆ. 2020ರಲ್ಲಿ ಸರ್ಕ್ಯುಲೇಶನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ತೆಂಗು ತಾಳೆಗಳಲ್ಲದ ಇತರ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಮಟ್ಟವನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸುತ್ತದೆ ಎಂದು ತೋರಿಸಿತು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕೂಡ ಸುಮಾರು 4 ಮಿಲಿಗ್ರಾಂ ಏರುತ್ತದೆ; ಅಂಗಡಿಯವರು ಹೇಳುವುದು ಈ ಎರಡನೆಯ ಅಂಕಿಯನ್ನು ಮಾತ್ರ. ಎಲ್‌ಡಿಎಲ್ ಆಗಲೇ ಹೆಚ್ಚಿರುವವರು ಆ ಸಲಹೆಯನ್ನು ದಯವಿಟ್ಟು ಪಾಲಿಸಬಾರದು. ಸಾರಿಗೆ ಒಂದೆರಡು ಚಮಚ ಹಸಿ ತೆಂಗಿನ ತುರಿ ರುಬ್ಬಿ ಹಾಕುವುದು ಬೇರೆ ಸಂಗತಿ. ಅದರಲ್ಲಿ ಕೊಬ್ಬಿನ ಪ್ರಮಾಣ ಮೂರನೆಯ ಒಂದು ಭಾಗದಷ್ಟು, ಜೊತೆಗೆ ನಾರೂ ಇದೆ, ನಾಲ್ಕು ಜನ ಹಂಚಿಕೊಂಡು ಉಣ್ಣುತ್ತೇವೆ. ಅದಕ್ಕೆ ಹೆದರಿ ಸಾರನ್ನು ಬೋಳು ಮಾಡಬೇಕಾದ ಅಗತ್ಯವಿಲ್ಲ. ಬಟ್ಟಲು ತುಂಬ ಕಾಯಿ ಚಟ್ನಿ ತಿನ್ನುವವರು ಮಾತ್ರ ಅದಕ್ಕೆ ಹುರಿಗಡಲೆ, ಕೊತ್ತಂಬರಿ ಸೊಪ್ಪು ಹೆಚ್ಚಿಸಿ ಕಾಯಿ ಇಳಿಸುವುದು ಒಳ್ಳೆಯದು.

ತುಪ್ಪವನ್ನು ಇಲ್ಲಿ ಮಣ್ಣಿನ ಭರಣಿಯಲ್ಲಿ ಚೆಂದವಾಗಿ ಜೋಡಿಸಿದ್ದಾರೆ, ಪರಿಮಳವೂ ನಿಜಕ್ಕೂ ಚೆನ್ನಾಗಿದೆ. ನಾಟಿ ಹಸುವಿನದಾದರೂ ತುಪ್ಪದ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್. ಹಬ್ಬದ ದಿನ ಒಂದು ಚಮಚ, ಉಳಿದ ದಿನ ಇಲ್ಲ ಎಂಬುದು ನಮ್ಮ ಮನೆಯಲ್ಲಿ ಈಗ ನಡೆಯುವ ಕ್ರಮ. ಇದೇ ಸಾಲಿಗೆ ಸೇರಿಸಿ ಹೇಳುವುದಾದರೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಬಗ್ಗೆ ಅನೇಕರು ಅನಗತ್ಯವಾಗಿ ಹೆದರುತ್ತಾರೆ. ಇಡ್ಲಿ ಆವಿಯಲ್ಲಿ ಬೆಂದದ್ದು, ಅದರಲ್ಲಿ ಉದ್ದಿನ ಬೇಳೆಯೂ ಇದೆ. ನೋಡಿಕೊಳ್ಳಬೇಕಾದದ್ದು ಅದರ ಮೇಲೆ ಕರಗುವ ಬೆಣ್ಣೆಯ ಉಂಡೆಯನ್ನು ಮತ್ತು ಪಕ್ಕದಲ್ಲಿ ಬರುವ ವಡೆಯನ್ನು.

ಎಣ್ಣೆಯ ಪ್ರಮಾಣ ಎಷ್ಟಿರಬೇಕೆಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಮಾರುವವರು ಹೇಳಬೇಕೆಂದು ನಿರೀಕ್ಷಿಸುವುದೂ ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸಿನಂತೆ, ಶ್ರಮದ ಕೆಲಸವಿಲ್ಲದ ವಯಸ್ಕರಿಗೆ ಅಡುಗೆಯಲ್ಲಿ ಸೇರಿಸುವ ಎಣ್ಣೆ, ತುಪ್ಪ ಎಲ್ಲ ಕೂಡಿ ದಿನಕ್ಕೆ 20ರಿಂದ 25 ಗ್ರಾಂ ಸಾಕು. ನಾಲ್ಕು ದೊಡ್ಡವರಿರುವ ಮನೆಗೆ ಇದು ತಿಂಗಳಿಗೆ ಮೂರು ಲೀಟರಿನ ಆಸುಪಾಸು ಆಗುತ್ತದೆ. ಆರು ಲೀಟರ್ ರಿಫೈಂಡ್ ಎಣ್ಣೆ ಸುರಿಯುತ್ತಿದ್ದ ಮನೆಯವರು ಮೂರು ಲೀಟರ್ ಗಾಣದ ಎಣ್ಣೆಗೆ ಇಳಿದರೆ ಖರ್ಚು ಮೊದಲಿನಷ್ಟೇ ಇರುತ್ತದೆ, ದೇಹಕ್ಕೂ ಒಳ್ಳೆಯದು. ಪರಿಮಳ ಹೆಚ್ಚಿರುವುದರಿಂದ ಒಗ್ಗರಣೆಗೆ ಅರ್ಧ ಚಮಚ ಹಾಕಿದರೂ ಅಡುಗೆ ಸಪ್ಪೆ ಎನಿಸುವುದಿಲ್ಲ ಎಂಬುದು ನಮ್ಮ ಅನುಭವ. ಕರಿಯಲು ಮಾತ್ರ ಗಾಣದ ಎಣ್ಣೆ ಅಷ್ಟು ಹೊಂದುವುದಿಲ್ಲ. ಬೇಗ ನೊರೆಯೇಳುತ್ತದೆ, ರಿಫೈಂಡ್ ಎಣ್ಣೆಗಿಂತ ಕಡಿಮೆ ಶಾಖಕ್ಕೇ ಹೊಗೆಯಾಡುತ್ತದೆ. ಕೊಲೆಸ್ಟ್ರಾಲ್ ಇರುವವರ ಮನೆಯಲ್ಲಿ ಕರಿಯುವ ಬಾಣಲೆಯೇ ಅಪರೂಪಕ್ಕೆ ಒಲೆ ಏರಬೇಕಾದ್ದರಿಂದ ಇದನ್ನು ದೋಷವೆಂದು ಎಣಿಸಲಾರೆ.

ಆದರೆ ಇದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗಾಣದ ಎಣ್ಣೆಯಲ್ಲಿ ಕರಿದ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿಗಳನ್ನು ಆರೋಗ್ಯಕರ ತಿಂಡಿ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಬೇಕರಿಯ ಪಫ್ಸ್, ಖಾರಾ ಬಿಸ್ಕತ್ತುಗಳಿಗಿಂತ ಇವು ವಾಸಿ ಇರಬಹುದು. 2022ರ ಜನವರಿಯಿಂದ ಖಾದ್ಯ ತೈಲ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಉಂಟಾಗುವ, ಹೃದಯಕ್ಕೆ ಹಾನಿಕರವಾದ ಕೊಬ್ಬು) ಶೇ. 2ನ್ನು ಮೀರಬಾರದೆಂದು ಎಫ್‌ಎಸ್‌ಎಸ್‌ಎಐ ನಿಯಮ ತಂದ ಮೇಲೆ ವನಸ್ಪತಿಯ ಆ ಭಯ ತಗ್ಗಬೇಕಾದರೂ, ಬೇಕರಿ ತಿನಿಸುಗಳಲ್ಲಿ ಸ್ಯಾಚುರೇಟೆಡ್ ಕೊಬ್ಬು ಹಾಗೆಯೇ ಇರುತ್ತದೆ. ಅಂದ ಮಾತ್ರಕ್ಕೆ ಕೋಡುಬಳೆಯನ್ನು ಆರೋಗ್ಯಕರ ಎನ್ನುವುದು ಸರಿಯಲ್ಲ. ಅಕ್ಕಿ ಹಿಟ್ಟು, ಉಪ್ಪು, ಎಣ್ಣೆ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಅದೇ ಜಾಗದಲ್ಲಿ ಬೇಯಿಸಿದ ಕಡಲೆಕಾಯಿಯನ್ನೋ, ಸಿಪ್ಪೆಸಹಿತ ಹುರಿದ ಕಡಲೆಯನ್ನೋ ಇಟ್ಟರೆ ಎಷ್ಟು ಚೆನ್ನಾಗಿರುತ್ತದೆ! ಕಡಲೆಕಾಯಿ ಬೀಜವನ್ನು ಹಾಗೆಯೇ ತಿಂದಾಗ ಎಣ್ಣೆಯ ಜೊತೆಗೆ ಪ್ರೋಟೀನು, ನಾರು ಎರಡೂ ನಮ್ಮ ಹೊಟ್ಟೆಗೆ ಸೇರುತ್ತವೆ. ಗಾಣಕ್ಕೆ ಹಾಕಿದಾಗ ಅವೆರಡೂ ಹಿಂಡಿಯಲ್ಲಿ ಉಳಿದು ದನದ ಕೊಟ್ಟಿಗೆಗೆ ಹೋಗುತ್ತವೆ. ದಿನಕ್ಕೊಂದು ಹಿಡಿ ಬೀಜ ತಿಂದು, ಅಷ್ಟರ ಮಟ್ಟಿಗೆ ಅಡುಗೆಯ ಎಣ್ಣೆಯನ್ನು ಕಡಿಮೆ ಮಾಡಿಕೊಂಡರೆ ಅದು ಯಾವ ಬಾಟಲಿಗಿಂತಲೂ ಮೇಲು.

ನಾರಿನ ಮಾತು ಬಂದದ್ದರಿಂದ ಆ ಹಿಂದಿನ ಮೂಲೆಗೆ ಹೋಗೋಣ. ಕಾಳುಗಳ ಚೀಲಗಳು ಇರುವುದು ಅಲ್ಲಿಯೇ. ಹುರುಳಿ ಎರಡು ಬಗೆಯದು ಇರುತ್ತದೆ: ಕಂದು ಮತ್ತು ಕಪ್ಪು. ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಕಲ್ಲು ಮಣ್ಣು ಬಹಳ ಕಡಿಮೆ, ಜೊಳ್ಳು ಇಲ್ಲ, ಹುಳು ಕೊರೆದ ತೂತುಗಳಿಲ್ಲ. ನೀರಿಗೆ ಹಾಕಿದಾಗ ತೇಲುವುದು ಬೆರಳೆಣಿಕೆಯಷ್ಟು. ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನವೇ ಮೊಳಕೆ ಇಣುಕುತ್ತದೆ, ಎಂದರೆ ಕಾಳು ಹಳೆಯದಲ್ಲ. ಅಲಸಂದೆಯೂ ಹಾಗೆಯೇ. ಅವರೆ ಮಾತ್ರ ಋತುವಿಗೆ ತಕ್ಕಂತೆ. ಚಳಿಗಾಲದಲ್ಲಿ ಸೊಗಡಿನ ಹಸಿ ಅವರೆ ಪೇಟೆಯ ತುಂಬ ಇರುವಾಗ ಇಲ್ಲಿನ ಒಣ ಅವರೆಯನ್ನು ಯಾರೂ ಮುಟ್ಟುವುದಿಲ್ಲ, ಬೇಸಿಗೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಬೆಲೆ ನಗರದ ಇತರ ಕಿರಾಣಿ ಅಂಗಡಿಗಳಷ್ಟೇ ಇದೆ. ಗಾಣದ ಹೆಸರಿನಲ್ಲಿ ಇದಕ್ಕೂ ಹೆಚ್ಚು ಬೆಲೆ ಹಾಕದಿರುವುದು ಸಂತೋಷದ ವಿಷಯ.

ಈ ಕಾಳುಗಳು ಎಲ್‌ಡಿಎಲ್ ಇಳಿಸುವ ಬಗೆ ಹೀಗೆ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಬಿಡುತ್ತದೆ, ಕೊಬ್ಬಿನ ಜೀರ್ಣಕ್ಕೆ ಅವು ನೆರವಾದ ಮೇಲೆ ಬಹುಪಾಲು ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತವೆ. ಕಾಳುಗಳಲ್ಲಿರುವ, ನೀರಿನಲ್ಲಿ ಕರಗಿ ಅಂಟಾಗುವ ಜಾತಿಯ ನಾರು ಈ ಪಿತ್ತಾಮ್ಲಗಳ ಒಂದು ಭಾಗವನ್ನು ಹಿಡಿದುಕೊಂಡು ಮಲದೊಂದಿಗೆ ಹೊರಕ್ಕೆ ಒಯ್ಯುತ್ತದೆ. ಕೊರತೆಯನ್ನು ತುಂಬಿಕೊಳ್ಳಲು ಯಕೃತ್ತು ರಕ್ತದಿಂದ ಇನ್ನಷ್ಟು ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ. ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾದ, 26 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಸುಮಾರು 130 ಗ್ರಾಂ ಬೆಂದ ಕಾಳು ತಿಂದವರಲ್ಲಿ ಎಲ್‌ಡಿಎಲ್ ಶೇ. 5ರಷ್ಟು ಇಳಿದಿತ್ತು. ಒಣ ಕಾಳಿನ ಲೆಕ್ಕದಲ್ಲಿ ಅದು 50 ಗ್ರಾಮಿನ ಆಸುಪಾಸು. ಒಂದು ಕೆಜಿ ಕೊಂಡರೆ ನಾಲ್ಕು ಜನಕ್ಕೆ ಐದು ದಿನ. ಶೇ. 5 ಎಂಬುದು ಸಣ್ಣದಾಗಿ ಕಾಣಬಹುದು. ಬೆಣ್ಣೆ ತುಪ್ಪಗಳ ಇಳಿಕೆ, ಎಣ್ಣೆಯ ಬದಲಾವಣೆ, ಹಿಡಿ ಕಡಲೆಕಾಯಿ, ತೂಕದಲ್ಲಿ ತುಸು ಇಳಿಕೆ ಇವೆಲ್ಲ ಒಂದರ ಮೇಲೊಂದು ಕೂಡಿಕೊಂಡಾಗ ಅದು ಸಣ್ಣದಾಗಿ ಉಳಿಯುವುದಿಲ್ಲ.

ಇಲ್ಲಿ ನಮ್ಮ ಅಡುಗೆಯ ಒಂದು ರೂಢಿಯನ್ನು ಗಮನಿಸಬೇಕು. ಹುರುಳಿಯನ್ನು ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಕಾಳನ್ನು ಪಲ್ಯ ಮಾಡುವುದು ನಮ್ಮ ಕಡೆಯ ಬಸ್ಸಾರಿನ ಕ್ರಮ. ಸಾರಿನ ರುಚಿಗೆ ಮುದ್ದೆ ಸರಸರನೆ ಇಳಿಯುತ್ತದೆ, ಪಲ್ಯ ತಟ್ಟೆಯ ಅಂಚಿನಲ್ಲಿ ಎರಡು ಚಮಚಕ್ಕೆ ನಿಂತುಬಿಡುತ್ತದೆ. ನಾರು ಇರುವುದು ಆ ಪಲ್ಯದಲ್ಲಿ. ಕಟ್ಟಿನಷ್ಟೇ ಧಾರಾಳವಾಗಿ ಕಾಳನ್ನೂ ಬಡಿಸಿಕೊಂಡರೆ ಮಾತ್ರ ಮೇಲೆ ಹೇಳಿದ ಪ್ರಮಾಣ ತಲುಪಲು ಸಾಧ್ಯ. ಹಿದಕಿದ ಅವರೆಬೇಳೆಯಲ್ಲಿಯೂ ಸಿಪ್ಪೆಯೊಂದಿಗೆ ನಾರಿನ ಒಂದು ಪಾಲು ಹೋಗುತ್ತದೆ. ಆದರೂ ಅದನ್ನು ಬಿಡಿ ಎಂದು ಚಳಿಗಾಲದಲ್ಲಿ ಈ ಊರಿನವರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾದಷ್ಟು ಹಾನಿಯೂ ಅದರಲ್ಲಿಲ್ಲ. ಕಾಳು ತಿಂದರೆ ಹೊಟ್ಟೆಯುಬ್ಬರ ಎನ್ನುವವರು ಮೊದಲ ವಾರದಲ್ಲಿ ಸ್ವಲ್ಪ, ಮುಂದೆ ಇನ್ನಷ್ಟು ಎಂಬಂತೆ ಏರಿಸಿಕೊಂಡು, ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕಾಳಿನ ಪ್ರಮಾಣ ನಿರ್ಧರಿಸಬೇಕು.

ಜವೆಗೋಧಿಯೂ ಇಲ್ಲಿ ಸಿಗುತ್ತದೆ, ಕೇಳಿದರೆ ಮಾತ್ರ ಒಳಗಿನಿಂದ ತಂದುಕೊಡುತ್ತಾರೆ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕಾನ್ ಎಂಬ ಕರಗುವ ನಾರು ಜವೆಗೋಧಿಯಲ್ಲಿಯೂ ಇದೆ, ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಎಲ್‌ಡಿಎಲ್ ಇಳಿಸುತ್ತದೆ ಎಂಬುದು ಚೆನ್ನಾಗಿ ಸಾಬೀತಾದ ವಿಷಯ. ಬೇಯಿಸಿ ಮಜ್ಜಿಗೆಯೊಂದಿಗೆ ಕಲಸಿದರೆ ಬೇಸಿಗೆಗೆ ಹಿತವಾದ ಊಟ. ಅದರ ನೀರನ್ನಷ್ಟೇ ಕುಡಿದು ಕಾಳನ್ನು ಎಸೆಯಬಾರದು.

ರಾಗಿ ಮತ್ತು ಸಿರಿಧಾನ್ಯಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 11 ಗ್ರಾಂ ನಾರಿದೆ, ಆದರೆ ಅದರಲ್ಲಿ ಹೆಚ್ಚಿನದು ನೀರಿನಲ್ಲಿ ಕರಗದ ಬಗೆಯದು. ಹೊಟ್ಟೆ ತುಂಬಿಸುವುದಕ್ಕೂ ಮಲಬದ್ಧತೆಗೂ ಒಳ್ಳೆಯದು, ಎಲ್‌ಡಿಎಲ್ ಮೇಲೆ ಅದರ ನೇರ ಪ್ರಭಾವ ಕಾಳಿನಷ್ಟಿಲ್ಲ. ಮುದ್ದೆಯ ಜೊತೆಗೆ ಹುರುಳಿಯೋ ಸೊಪ್ಪೋ ಇದ್ದರೆ ಊಟ ಪೂರ್ಣವಾಗುತ್ತದೆ. ಸಿರಿಧಾನ್ಯಗಳ ಕಪಾಟಿನಲ್ಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಲ್ಲವೂ ಇವೆ. ಕೊರಲೆ ನಮ್ಮ ಜಿಲ್ಲೆಯ ಒಣ ಭೂಮಿಯ ಹಳೆಯ ಬೆಳೆಯಾದ್ದರಿಂದ ಅದನ್ನು ಇಲ್ಲಿ ಕಂಡದ್ದು ಖುಷಿ ಕೊಟ್ಟಿತು. ಕೊಳ್ಳುವಾಗ ಬೆಳ್ಳಗೆ ಹೊಳೆಯುವ ಅಕ್ಕಿಯನ್ನು ಬಿಟ್ಟು ತವುಡು ಉಳಿದು ಮಾಸಲು ಬಣ್ಣದಲ್ಲಿರುವುದನ್ನು ಕೇಳಿ ಪಡೆಯಬೇಕು, ಎರಡೂ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ಇರುತ್ತವೆ.

ಒಂದು ವಿಷಯವನ್ನು ಮಾತ್ರ ಗಂಭೀರವಾಗಿ ಹೇಳಬೇಕಾಗಿದೆ. ಅಂಗಡಿಯ ಕೆಲಸಗಾರನೊಬ್ಬ ವಯಸ್ಸಾದ ಗಿರಾಕಿಯೊಬ್ಬರಿಗೆ, ಈ ಎಣ್ಣೆ ಬಳಸಲು ಶುರು ಮಾಡಿದ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ಬೇಕಾಗುವುದಿಲ್ಲ ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ಅವನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ, ನಂಬಿಕೊಂಡೇ ಹೇಳಿದ್ದು. ಆದರೂ ಇದು ಅಪಾಯದ ಮಾತು. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಮಧುಮೇಹ ಇರುವವರಿಗೆ ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆಯ ಕೆಲಸವನ್ನು ಯಾವ ಎಣ್ಣೆಯೂ ಯಾವ ಕಾಳೂ ಮಾಡಲಾರದು. ಎಲ್‌ಡಿಎಲ್ ಡೆಸಿಲೀಟರಿಗೆ 190 ಮಿಲಿಗ್ರಾಂ ದಾಟಿರುವವರಲ್ಲಿ ಅದು ವಂಶದಿಂದ ಬಂದದ್ದೂ ಆಗಿರಬಹುದು, ಅಂತಹವರು ಊಟದ ಮೇಲಷ್ಟೇ ಭಾರ ಹಾಕಿ ಕೂರಬಾರದು. ಊಟ ಬದಲಿಸಿದವರು ಎರಡು ಮೂರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ವೈದ್ಯರ ಮುಂದಿಟ್ಟು, ಮಾತ್ರೆಯ ಪ್ರಮಾಣದ ತೀರ್ಮಾನವನ್ನು ಅವರಿಗೇ ಬಿಡಬೇಕು. ಮಾಲೀಕರೊಂದಿಗೆ ಈ ಬಗ್ಗೆ ಮಾತಾಡಿದಾಗ ಅವರು ಸಮಾಧಾನದಿಂದ ಕೇಳಿಸಿಕೊಂಡರು, ಹುಡುಗರಿಗೆ ಹೇಳುತ್ತೇನೆ ಎಂದರು. ಗೋಡೆಯ ಬೋರ್ಡು ಇನ್ನೂ ಅಲ್ಲಿಯೇ ಇದೆ. ಅದನ್ನು ಇಳಿಸಿ, ಆ ಜಾಗದಲ್ಲಿ ನಾಲ್ಕು ಎಣ್ಣೆಗಳಲ್ಲಿ ಯಾವುದರಲ್ಲಿ ಎಷ್ಟು ಸ್ಯಾಚುರೇಟೆಡ್ ಕೊಬ್ಬಿದೆ ಎಂಬ ಪಟ್ಟಿಯನ್ನು ಹಾಕಲಿ ಎಂಬುದು ನನ್ನ ಪ್ರಾಮಾಣಿಕ ಕೋರಿಕೆ. ಅವರ ಕಡಲೆಕಾಯಿ ಎಣ್ಣೆಗೆ ಆ ಪಟ್ಟಿಯಿಂದ ನಷ್ಟವೇನೂ ಆಗದು.

ಹೋಗುವವರಿಗೆ ಉಪಯೋಗವಾಗುವ ಕೆಲವು ವಿವರಗಳು: ಬೆಳಗಿನ ಹೊತ್ತಿನಲ್ಲಿ ಹೋದರೆ ಗಾಣ ಆಡುವುದನ್ನು ನೋಡಬಹುದು, ಮಧ್ಯಾಹ್ನದ ಮೇಲೆ ಬಾಟಲಿ ತುಂಬುವ ಕೆಲಸ ಮಾತ್ರ ಇರುತ್ತದೆ. ಸ್ಟೀಲ್ ಅಥವಾ ಗಾಜಿನ ಬಾಟಲಿಯಲ್ಲಿ ಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಒಲೆಯ ಪಕ್ಕದಲ್ಲಿಡದೆ ಬಿಸಿಲು ಬೀಳದ ಕಡೆ ಇಟ್ಟು, ಎರಡು ತಿಂಗಳಿಗೆ ಮೀರಿದ ದಾಸ್ತಾನು ಮಾಡಬಾರದು. ಸ್ವಂತ ಬೀಜ ತಂದವರಿಗೆ ಕೂಲಿ ಪಡೆದು ಆಡಿಸಿಕೊಡುತ್ತಾರೆ. ಮಧುಗಿರಿ, ಕೊರಟಗೆರೆ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಚೀಲ ಹೊತ್ತು ಬರುವವರ ಸಾಲು ಇರುವುದರಿಂದ, ಆ ತಿಂಗಳುಗಳಲ್ಲಿ ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಹಿಂಡಿ ಬೀಜ ತಂದವರಿಗೇ ಸೇರುತ್ತದೆ. ಮನೆಯಲ್ಲಿ ಹಸುವಿಲ್ಲದವರು ಬೇಡವೆಂದರೆ ಅದರ ಬೆಲೆಯನ್ನು ಕೂಲಿಯಲ್ಲಿ ಕಳೆದು ಲೆಕ್ಕ ಚೀಟಿಯಲ್ಲಿ ಬರೆದೇ ಕೊಡುತ್ತಾರೆ.